ಸಪ್ಲೈಯರ್ ಪೋರ್ಟಲ್ ನಿಮಗೂ ದುಡಿಯಲಿ: ಸಣ್ಣ ವರ್ಕ್‌ಶಾಪ್‌ಗಳಿಗೊಂದು ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್. ಎಲ್ಲಿಗೆ ಹೋದರೂ ದೊಡ್ಡ ಕಂಪನಿಗೆ ಪಾರ್ಟ್ಸ್ ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಆ ಕಂಪನಿಯ ಸಪ್ಲೈಯರ್ ಪೋರ್ಟಲ್ (ಆರ್ಡರ್, ಬಿಲ್ ವಿವರ ಇರುವ ವೆಬ್‌ಸೈಟ್) ತೆರೆಯುವುದು ಒಂದೇ ಕಾರಣಕ್ಕೆ. ಅದಿಲ್ಲದೆ ಮಾಲು ಗೇಟಿನೊಳಗೆ ಹೋಗುವುದಿಲ್ಲ. ಇನ್‌ವಾಯ್ಸ್ ನಂಬರ್ ಹಾಕು, ಲೇಬಲ್ ಪ್ರಿಂಟ್ ತೆಗೆ, ಟೆಂಪೊ ಕಳಿಸು. ಅಲ್ಲಿಗೆ ಮುಗೀತು. ಮತ್ತೆ ಪೋರ್ಟಲ್ ತೆರೆಯುವುದು ಮುಂದಿನ ಟೆಂಪೊ ಹೊರಡುವಾಗ.

ಲಾಭ ಕೈತಪ್ಪುವುದು ಇಲ್ಲೇ. ಪೋರ್ಟಲ್ ಕಟ್ಟಿಸಿದ್ದು ಕಸ್ಟಮರ್, ತನ್ನ ಅನುಕೂಲಕ್ಕೆ. ಅದು ನಿಜ. ಆದರೆ ನಮಗೆ ತುಂಬಾ ಬೇಕಾದ ಎರಡು ಸಂಗತಿ ಅದರಲ್ಲಿ ಪ್ರತಿದಿನ ಇರುತ್ತವೆ. ಅವರಿಗೆ ಮುಂದೆ ಏನು ಬೇಕು ಎನ್ನುವುದು ಒಂದು. ನಾವು ಕೊಟ್ಟ ಮಾಲಿನ ದುಡ್ಡು ಯಾವ ಹಂತಕ್ಕೆ ಬಂದಿದೆ ಎನ್ನುವುದು ಇನ್ನೊಂದು. ಇವೆರಡನ್ನೂ ಪೋರ್ಟಲ್‌ನಿಂದ ತೆಗೆದು ನಮ್ಮ ಶಾಪ್ ಫ್ಲೋರಿಗೆ, ನಮ್ಮ ಅಕೌಂಟ್ಸ್ ಟೇಬಲಿಗೆ ತರಬೇಕು. ಹೀಗೆ ತರದಿದ್ದರೆ ಎಷ್ಟು ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಅದು ಕಸ್ಟಮರ್‌ಗೆ ಮಾತ್ರ ದುಡಿಯುತ್ತದೆ.

ಈ ಮಾಹಿತಿ ಸರಬರಾಜು ಸರಪಳಿಯ ಕೆಳಗಿರುವವರಿಗೇ ಯಾಕೆ ಜಾಸ್ತಿ ಬೇಕು ಎನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಪ್ಯಾಂಪರ್ಸ್ ಡೈಪರ್‌ನ ಲೆಕ್ಕ ನೋಡಿತು. ಮಕ್ಕಳು ಡೈಪರ್ ಬಳಸುವುದು ಹೆಚ್ಚುಕಮ್ಮಿ ಒಂದೇ ಸಮ. ಅಂಗಡಿಯ ಮಾರಾಟದಲ್ಲೂ ಏರಿಳಿತ ಅಷ್ಟೇನಿರಲಿಲ್ಲ. ವಿತರಕರು ಕೊಡುತ್ತಿದ್ದ ಆರ್ಡರ್ ಮಾತ್ರ ಜೋರಾಗಿ ಏರಿ ಇಳಿಯುತ್ತಿತ್ತು. ಕಚ್ಚಾ ಸಾಮಗ್ರಿಗೆ ಕಂಪನಿಯೇ ಕೊಡುತ್ತಿದ್ದ ಆರ್ಡರ್ ಇನ್ನೂ ಜೋರಾಗಿ ತೂಗಾಡುತ್ತಿತ್ತು. ಪ್ರತಿಯೊಬ್ಬರೂ ಒಂದಿಷ್ಟು ಹೆಚ್ಚುವರಿ ಸೇರಿಸಿ ಊಹೆಯ ಮೇಲೆ ಆರ್ಡರ್ ಮಾಡುತ್ತಾ ಹೋದರೆ ಹೀಗಾಗುತ್ತದೆ. 1997ರಲ್ಲಿ ಸಂಶೋಧಕ ಹಾವ್ ಲೀ ಮತ್ತು ಇಬ್ಬರು ಸಂಗಡಿಗರು ಇದನ್ನು ಬುಲ್‌ವಿಪ್ ಪರಿಣಾಮ ಎಂದು ವಿವರಿಸಿದರು. ಸರಪಳಿಯಲ್ಲಿ ಗ್ರಾಹಕರಿಂದ ದೂರ ಹೋದಷ್ಟೂ ಹೊಡೆತ ಜಾಸ್ತಿ. ಕಾರ್ ಕಂಪನಿಗೆ ಪಂಪ್ ಕೊಡುವವರಿಗೆ ಪಿನ್ ಮಾಡಿಕೊಡುವ ನಾವು ತೀರಾ ದೂರದಲ್ಲಿದ್ದೇವೆ. ಮೇಲಿನ ನಿಜವಾದ ಬೇಡಿಕೆ ಎಷ್ಟು ಅಂತ ಒಂದು ವಾರ ಮೊದಲೇ ಗೊತ್ತಾದರೂ ನಮಗೆ ದುಡ್ಡು ಉಳಿಯುತ್ತದೆ.

ಈ ಲೇಖನದಲ್ಲಿ ಎಂಜಿನಿಯರಿಂಗ್ ಪಾರ್ಟ್ಸ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪ್ಯಾಕಿಂಗ್ ಬಾಕ್ಸ್, ಗಾರ್ಮೆಂಟ್, ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರಿಗೂ ಹೆಚ್ಚಿನದು ಹೊಂದುತ್ತದೆ.

ಮೊದಲು ಐಟಂ ಪಟ್ಟಿ ಸರಿಮಾಡಿ

ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದು ಎಕ್ಸೆಲ್ ಶೀಟ್ ಸಾಕು. ಪ್ರತಿ ಐಟಂಗೆ ಒಂದು ಸಾಲು. ನಮ್ಮ ಪಾರ್ಟ್ ನಂಬರ್, ಕಸ್ಟಮರ್ ಪಾರ್ಟ್ ನಂಬರ್, ಡ್ರಾಯಿಂಗ್ ರಿವಿಷನ್, ಪಿಒ (ಪರ್ಚೇಸ್ ಆರ್ಡರ್) ನಂಬರ್, ಪಿಒದಲ್ಲಿ ಅದು ಎಷ್ಟನೇ ಲೈನ್, ರೇಟ್, ಜಿಎಸ್‌ಟಿಗೆ ಬೇಕಾದ ಎಚ್‌ಎಸ್‌ಎನ್ ಕೋಡ್, ಅಳತೆ ನಂಬರಿನಲ್ಲೋ ಕಿಲೊದಲ್ಲೋ, ಒಂದು ಬಾಕ್ಸಿಗೆ ಎಷ್ಟು ಪೀಸ್.

ನಮ್ಮ ಹುಡುಗರು ಒಂದು ಪಾರ್ಟನ್ನು ‘ಸಣ್ಣ ಪಿನ್’ ಅಂತ ಕರೆಯುತ್ತಾರೆ, ಟ್ಯಾಲಿಯಲ್ಲಿ ಅದು ‘ಪಿನ್ 30 ಡಯಾ’, ಪೋರ್ಟಲ್‌ನಲ್ಲಿ ಹತ್ತಂಕಿಯ ನಂಬರ್. ಮೂರೂ ಒಂದೇ ವಸ್ತು ಅಂತ ಗೊತ್ತಿರುವುದು ಡಿಸ್ಪ್ಯಾಚ್ ನೋಡಿಕೊಳ್ಳುವ ಒಬ್ಬರಿಗೆ ಮಾತ್ರ. ಅವರು ರಜೆ ಹಾಕಿದ ದಿನ ತಪ್ಪು ಲೈನ್‌ಗೆ ಬಿಲ್ ಆಗುತ್ತದೆ. ಇದನ್ನು ತಪ್ಪಿಸುವುದಕ್ಕೇ ಈ ಪಟ್ಟಿ. ರಿವಿಷನ್ ಕಾಲಂ ಅಂತೂ ಬೇಕೇ ಬೇಕು. ಹಳೆಯ ಡ್ರಾಯಿಂಗ್‌ನಲ್ಲಿ ಮಾಡಿದ ಲಾಟ್ ಪೂರ್ತಿ ವಾಪಸ್ ಬಂದರೆ ತಿಂಗಳ ಲಾಭ ಅದರಲ್ಲೇ ಹೋಗುತ್ತದೆ.

ದುಡ್ಡಿನ ಕಡೆಯಿಂದ ಶುರುಮಾಡಿ

ಹೆಚ್ಚಿನ ಸಲಹೆಗಾರರು ಪ್ಲಾನಿಂಗ್‌ನಿಂದ ಶುರುಮಾಡಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ದುಡ್ಡಿನ ಕಡೆಯಿಂದ ಶುರುಮಾಡಿದರೆ ಫಲ ಬೇಗ ಕಾಣುತ್ತದೆ. ಫಲ ಕಂಡರೆ ಮಾತ್ರ ಮಾಲೀಕರೂ ಸ್ಟಾಫೂ ಮುಂದಿನ ಕೆಲಸಕ್ಕೆ ಮನಸ್ಸು ಮಾಡುತ್ತಾರೆ.

ಮಾಲು ಗೇಟ್ ದಾಟಿದ ಮಾತ್ರಕ್ಕೆ ಬಿಲ್ ಪಾಸ್ ಆಗುವುದಿಲ್ಲ. ಗೇಟ್ ಎಂಟ್ರಿ ಆಗಬೇಕು, ಇನ್‌ಸ್ಪೆಕ್ಷನ್ ಆಗಬೇಕು, ಸ್ಟೋರ್ಸ್‌ನವರು ಜಿಆರ್‌ಎನ್ (ಮಾಲು ಸ್ವೀಕರಿಸಿದ ದಾಖಲೆ) ಮಾಡಬೇಕು. ಆಮೇಲೆ ಅವರ ಸಿಸ್ಟಂ ಮೂರು ಕಾಗದಗಳನ್ನು ತಾಳೆ ನೋಡುತ್ತದೆ: ಪಿಒ, ಜಿಆರ್‌ಎನ್, ಇನ್‌ವಾಯ್ಸ್. ರೇಟ್‌ನಲ್ಲಿ ಹತ್ತು ಪೈಸೆ ವ್ಯತ್ಯಾಸ ಇದ್ದರೂ ಬಿಲ್ ಬ್ಲಾಕ್ ಆಗಬಹುದು. ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಪೇಮೆಂಟ್ ದಿನ ಬಂದಾಗಲೇ ಗೊತ್ತಾಗುವುದು. ಆಮೇಲೆ ಅದನ್ನು ಸರಿಮಾಡಿಸಿ, ಮುಂದಿನ ಪೇಮೆಂಟ್ ಸೈಕಲ್‌ಗೆ ಕಾಯಬೇಕು.

ಆದ್ದರಿಂದ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಅಂತಿಟ್ಟುಕೊಳ್ಳಿ, ಪೋರ್ಟಲ್‌ನಿಂದ ಜಿಆರ್‌ಎನ್ ಮತ್ತು ಇನ್‌ವಾಯ್ಸ್ ಸ್ಟೇಟಸ್ ಇಳಿಸಿಕೊಳ್ಳಿ. ಹೆಚ್ಚಿನ ಪೋರ್ಟಲ್‌ಗಳಲ್ಲಿ ಎಕ್ಸೆಲ್ ಡೌನ್‌ಲೋಡ್ ಇದ್ದೇ ಇರುತ್ತದೆ. ನಿಮ್ಮ ಸೇಲ್ಸ್ ರಿಜಿಸ್ಟರ್ ಪಕ್ಕದಲ್ಲಿ ಇಟ್ಟು ಇನ್‌ವಾಯ್ಸ್ ನಂಬರಿನ ಮೇಲೆ ತಾಳೆ ನೋಡಿ. ಮೂರು ಥರದ ಸಾಲುಗಳು ಸಿಗುತ್ತವೆ.

ಮಾಲು ಹೋಗಿ ನಾಲ್ಕೈದು ದಿನವಾದರೂ ಜಿಆರ್‌ಎನ್ ಆಗದವು ಒಂದು ಥರ. ಅದೇ ದಿನ ಸ್ಟೋರ್ಸ್‌ಗೆ ಮೇಲ್ ಹಾಕಿ, ಗೇಟ್ ಎಂಟ್ರಿ ನಂಬರ್ ಸಮೇತ. ಫೋನ್ ಮಾಡಿದರೂ ಮೇಲ್ ಬಿಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಕಳಿಸಿದ್ದಕ್ಕಿಂತ ಕಡಿಮೆ ಬಿದ್ದವು ಇನ್ನೊಂದು. 500 ಕಳಿಸಿದ್ದೀರಿ, 480 ಅಂತ ಜಿಆರ್‌ಎನ್ ಆಗಿದೆ. 20 ಪೀಸ್ ರಿಜೆಕ್ಟ್ ಆಯಿತೋ, ಎಣಿಕೆಯಲ್ಲಿ ಕಮ್ಮಿ ಬಂತೋ? ರಿಜೆಕ್ಟ್ ಆಗಿದ್ದರೆ ಮಾಲು ವಾಪಸ್ ತರಬೇಕು. ಎಣಿಕೆಯ ತಕರಾರಾಗಿದ್ದರೆ ಬಾಕ್ಸ್ ಇನ್ನೂ ಸ್ಟೋರ್ಸ್‌ನಲ್ಲಿ ಇರುವಾಗಲೇ ಮತ್ತೆ ಎಣಿಸಲು ಕೇಳಬೇಕು. ಒಂದು ತಿಂಗಳಾದ ಮೇಲೆ ಕೇಳಿದರೆ ಆ ಪೀಸ್‌ಗಳು ಗಾಡಿಯಲ್ಲಿ ಸೇರಿ ಊರೂರು ತಿರುಗುತ್ತಿರುತ್ತವೆ.

ಮೂರನೆಯದು ರೇಟ್ ತಾಳೆಯಾಗದವು. ಉಕ್ಕಿನ ಬೆಲೆ ಏರಿದೆ, ರೇಟ್ 42.50ರಿಂದ 43.10 ಮಾಡಲು ಪರ್ಚೇಸ್‌ನವರು ಬಾಯಲ್ಲಿ ಒಪ್ಪಿದ್ದಾರೆ, ಪಿಒ ಅಮೆಂಡ್‌ಮೆಂಟ್ ಮಾತ್ರ ಇನ್ನೂ ಬಂದಿಲ್ಲ ಅಂತಿಟ್ಟುಕೊಳ್ಳಿ. ನೀವು 43.10ಕ್ಕೆ ಬಿಲ್ ಮಾಡಿದರೆ ಬರೀ 60 ಪೈಸೆಗಾಗಿ ಇಡೀ ಬಿಲ್ ನಿಲ್ಲುತ್ತದೆ. ಪೋರ್ಟಲ್‌ನಲ್ಲಿ ಕಾಣುವ ರೇಟ್‌ಗೇ ಬಿಲ್ ಮಾಡಿ. ಅಮೆಂಡ್‌ಮೆಂಟ್ ಬಂದ ಮೇಲೆ ವ್ಯತ್ಯಾಸದ ಮೊತ್ತಕ್ಕೆ ಡೆಬಿಟ್ ನೋಟ್ ಕೊಡಿ. ಬಿಲ್ ಮಾಡುವ ಮೊದಲು ರೇಟ್ ನೋಡುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಇ-ಇನ್‌ವಾಯ್ಸ್ ನಂಬರ್ ಬಂದ ಮೇಲೆ ಅದನ್ನು ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಸಮಯ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ.

ತಾರೀಕಿನ ದಾಖಲೆ ಇಟ್ಟುಕೊಂಡರೆ ಕಾನೂನು ನಿಮ್ಮ ಪರ

ಮೇಲ್ ಬಿಡಬೇಡಿ ಅಂದೆನಲ್ಲ, ಅದು ಇದಕ್ಕೇ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಲಿಖಿತ ಒಪ್ಪಂದದ ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಹಾಗಾದರೆ ‘ಒಪ್ಪಿಕೊಂಡ ದಿನ’ ಯಾವುದು? ಮಾಲು ತಲುಪಿದ 15 ದಿನದೊಳಗೆ ಕಸ್ಟಮರ್ ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡ ದಿನ. ಜಿಆರ್‌ಎನ್ ಯಾವಾಗ ಮಾಡಿದರು ಎನ್ನುವುದು ಅವರ ಒಳಗಿನ ವಿಚಾರ. ಹಾಗಾಗಿ ಗೇಟ್ ಎಂಟ್ರಿಯ ತಾರೀಕು ನಿಮ್ಮ ಕೈಯಲ್ಲಿರುವ ಬಲವಾದ ದಾಖಲೆ. ಪೋರ್ಟಲ್‌ನಲ್ಲಿ ಅದು ಸಮಯದ ಸಮೇತ ಇರುತ್ತದೆ. ಅದನ್ನು ಪಿಡಿಎಫ್ ಮಾಡಿ ತಿಂಗಳ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಕಸ್ಟಮರ್ ಜೊತೆ ವ್ಯವಹಾರ ನಿಂತ ದಿನ ಲಾಗಿನ್ನೂ ನಿಲ್ಲಬಹುದು, ಆಗ ಈ ಪ್ರತಿಗಳೇ ಗತಿ.

ಇದರ ಪ್ರಯೋಜನ ಸಿಗಬೇಕಾದರೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಬೇಕು. ಅದು ಪೂರ್ತಿ ಉಚಿತ. ಸಾವಿರಗಟ್ಟಲೆ ಕೇಳುವ ಖಾಸಗಿ ವೆಬ್‌ಸೈಟ್‌ಗಳಿವೆ, ಅತ್ತ ಹೋಗಬೇಡಿ. ಸರಬರಾಜು ಶುರುಮಾಡುವ ಮೊದಲೇ ನೋಂದಣಿ ಆಗಿರಲಿ. ಆ ನಂಬರನ್ನು ಪ್ರತಿ ಇನ್‌ವಾಯ್ಸ್ ಮೇಲೂ ಹಾಕಿ, ಪೋರ್ಟಲ್‌ನ ನಿಮ್ಮ ಪ್ರೊಫೈಲ್‌ನಲ್ಲೂ ಹಾಕಿ. 2023ರ ಹಣಕಾಸು ಕಾಯ್ದೆಯಿಂದ ಆದಾಯ ತೆರಿಗೆಯಲ್ಲಿ ಒಂದು ಬದಲಾವಣೆ ಬಂತು. ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಈ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಲೆಕ್ಕಕ್ಕೆ ಹಿಡಿಯಬಹುದು. ಆಮೇಲಿಂದ ಕಂಪನಿಗಳ ಅಕೌಂಟ್ಸ್ ವಿಭಾಗಗಳೇ ಸಪ್ಲೈಯರ್‌ಗಳ ಉದ್ಯಮ್ ನಂಬರ್ ಕೇಳಿ ಸಿಸ್ಟಂಗೆ ಹಾಕಿಕೊಳ್ಳುತ್ತಿವೆ. ನಿಮ್ಮದು ಅಲ್ಲಿ ಖಾಲಿ ಬಿದ್ದಿದೆಯಾ ಅಂತ ಇವತ್ತೇ ನೋಡಿ.

ಕಾನೂನು ಹಿಡಿದು ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ನಾಳೆ ಮತ್ತೆ ಅದೇ ಪರ್ಚೇಸ್ ಮ್ಯಾನೇಜರ್ ಹತ್ತಿರ ಆರ್ಡರ್ ಕೇಳಬೇಕಲ್ವಾ. ಆದರೆ ‘ಸಾರ್, ಯಾವಾಗ ಕೊಡ್ತೀರಾ’ ಅಂತ ಕೇಳುವುದಕ್ಕೂ, ಗೇಟ್ ಎಂಟ್ರಿ ತಾರೀಕಿನ ಸಮೇತ ಬಾಕಿ ಪಟ್ಟಿ ಕಳಿಸಿ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಒಪ್ಪಿಗೆಯಾದ ಬಿಲ್ಲನ್ನು ಬೇಗ ದುಡ್ಡು ಮಾಡಿಕೊಳ್ಳಿ

ಟ್ರೆಡ್ಸ್ ಎನ್ನುವ ವ್ಯವಸ್ಥೆ ರಿಸರ್ವ್ ಬ್ಯಾಂಕ್ 2014ರ ಡಿಸೆಂಬರ್‌ನಲ್ಲಿ ಹಾಕಿದ ನಿಯಮಗಳ ಮೇಲೆ ನಡೆಯುತ್ತದೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇದರ ವೇದಿಕೆಗಳು. ನಿಮ್ಮ ಬಿಲ್ ಅಲ್ಲಿ ಏರುತ್ತದೆ, ಕಸ್ಟಮರ್ ‘ಹೌದು, ಇಷ್ಟು ಕೊಡಬೇಕು’ ಅಂತ ಒಪ್ಪುತ್ತಾರೆ, ಬ್ಯಾಂಕುಗಳು ಬಡ್ಡಿ ದರ ಹೇಳಿ ಪೈಪೋಟಿ ಮಾಡುತ್ತವೆ. ಒಂದನ್ನು ನೀವು ಒಪ್ಪಿದರೆ ಒಂದೆರಡು ಕೆಲಸದ ದಿನದಲ್ಲಿ ದುಡ್ಡು ಖಾತೆಗೆ ಬರುತ್ತದೆ. ಗಡುವಿನ ದಿನ ಕಸ್ಟಮರ್ ಬ್ಯಾಂಕಿಗೆ ಕಟ್ಟುತ್ತಾರೆ. ಅವರು ಕಟ್ಟದೇ ಹೋದರೆ ಬ್ಯಾಂಕ್ ನಿಮ್ಮ ಹಿಂದೆ ಬರುವಂತಿಲ್ಲ. ಸಾಮಾನ್ಯ ಬಿಲ್ ಡಿಸ್ಕೌಂಟಿಂಗ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೇ.

ಲೆಕ್ಕ ಹೀಗೆ. 1 ಲಕ್ಷದ ಬಿಲ್, ಗಡುವಿಗೆ ಇನ್ನೂ 40 ದಿನ ಇದೆ, ದರ ವರ್ಷಕ್ಕೆ ಶೇ 9 ಅಂದುಕೊಳ್ಳಿ. ಖರ್ಚು ಸುಮಾರು 986 ರೂಪಾಯಿ. ವೇದಿಕೆಯ ಶುಲ್ಕ ಏನಾದರೂ ಇದ್ದರೆ ಅದು ಬೇರೆ. ಇದನ್ನು ನಿಮ್ಮ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯ ಬಡ್ಡಿಯ ಜೊತೆ ಹೋಲಿಸಿ ನೋಡಿ. ಇಲ್ಲಿ ದರ ನಿಲ್ಲುವುದು ಕಸ್ಟಮರ್‌ನ ಸಾಲದ ಯೋಗ್ಯತೆಯ ಮೇಲೆ, ನಿಮ್ಮದರ ಮೇಲಲ್ಲ. ಹಾಗಾಗಿ ದೊಡ್ಡ ಕಂಪನಿಗೆ ಮಾಲು ಕೊಡುವ ಸಣ್ಣವರಿಗೆ ಕಡಿಮೆ ದರ ಸಿಗುವ ಸಾಧ್ಯತೆ ಇದೆ.

ವಹಿವಾಟು 250 ಕೋಟಿ ದಾಟಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ಗೆ ಸೇರಬೇಕು ಅಂತ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಸೇರಿದ್ದಾರೆ ಅಂದ ಮಾತ್ರಕ್ಕೆ ನಿಮ್ಮ ಬಿಲ್ ಒಪ್ಪುತ್ತಾರೆ ಅಂತಲ್ಲ. ಫೈನಾನ್ಸ್ ವಿಭಾಗಕ್ಕೆ ನೇರವಾಗಿ ಕೇಳಿ: ನಿಮ್ಮದು ಯಾವ ವೇದಿಕೆ, ಯಾವ ಬಿಲ್‌ಗಳಿಗೆ ಒಪ್ಪಿಗೆ ಕೊಡುತ್ತೀರಿ? ಜಿಆರ್‌ಎನ್ ಸರಿಯಾಗಿ ಆಗಿರುವ ಬಿಲ್‌ಗೆ ಅವರು ಒಪ್ಪುವುದು ಸುಲಭ. ಹಿಂದಿನ ಹೆಜ್ಜೆ ಮೊದಲು ಅಂದಿದ್ದು ಅದಕ್ಕೇ.

ಜಿಎಸ್‌ಟಿ ಕಡೆಯಿಂದ ಒಂದೇ ಮಾತು. ನೀವು ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕದಿದ್ದರೆ ಕಸ್ಟಮರ್‌ಗೆ ಇನ್‌ಪುಟ್ ಕ್ರೆಡಿಟ್ (ನಿಮಗೆ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಕಾಣುವುದಿಲ್ಲ, ಎಷ್ಟೋ ಕಂಪನಿಗಳು ಆ ತೆರಿಗೆಯಷ್ಟು ಮೊತ್ತ ಹಿಡಿದುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣವರು ಇಲ್ಲಿ ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ. ತ್ರೈಮಾಸಿಕದ ಮೊದಲೆರಡು ತಿಂಗಳ ಬಿಲ್‌ಗಳನ್ನು ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್ ಎನ್ನುವ ಜಿಎಸ್‌ಟಿ ಸೌಲಭ್ಯದ ಮೂಲಕ ಏರಿಸಲು ಅವಕಾಶ ಇದೆ. ನಿಮ್ಮ ಆಡಿಟರಿಗೆ ಹೇಳಿ ಮಾಡಿಸಿ.

ಈಗ ಶೆಡ್ಯೂಲ್ ಓದೋಣ

ಪೋರ್ಟಲ್‌ನ ಶೆಡ್ಯೂಲ್ (ಯಾವಾಗ ಎಷ್ಟು ಮಾಲು ಬೇಕು ಎನ್ನುವ ಪಟ್ಟಿ) ನೋಡಿ ಎಷ್ಟೋ ಜನ ಪೂರ್ತಿ ನಂಬುತ್ತಾರೆ, ಇಲ್ಲ ಪೂರ್ತಿ ಬಿಡುತ್ತಾರೆ. ಎರಡೂ ನಷ್ಟ.

ಮೊದಲು, ಶೆಡ್ಯೂಲ್‌ನ ಯಾವ ಭಾಗಕ್ಕೆ ಕಸ್ಟಮರ್ ಹೊಣೆ ಎನ್ನುವುದು ತಿಳಿಯಬೇಕು. ಸಾಮಾನ್ಯವಾಗಿ ಮೊದಲ ಕೆಲವು ವಾರ ‘ಫರ್ಮ್’. ಆ ಸಂಖ್ಯೆಗೆ ತಯಾರಾದ ಮಾಲನ್ನು ಅವರು ತೆಗೆದುಕೊಳ್ಳಲೇಬೇಕು. ಕೆಲವು ಒಪ್ಪಂದಗಳಲ್ಲಿ ಅದರ ಮುಂದಿನ ಕೆಲವು ವಾರಗಳಿಗೆ ನೀವು ತಂದಿಟ್ಟ ಕಚ್ಚಾ ಸಾಮಗ್ರಿಯ ಹೊಣೆಯನ್ನಷ್ಟೇ ಅವರು ಹೊರುತ್ತಾರೆ. ಆಮೇಲಿನದು ಬರೀ ಅಂದಾಜು. ನಿಮ್ಮ ಒಪ್ಪಂದದಲ್ಲಿ ಈ ಗಡಿಗಳು ಎಲ್ಲಿವೆ? ಬರೆದೇ ಇಲ್ಲದಿದ್ದರೆ ಮುಂದಿನ ರೇಟ್ ಮಾತುಕತೆಯಲ್ಲಿ ಬರೆಸಿಕೊಳ್ಳಿ. ರೇಟ್‌ನಲ್ಲಿ ಹತ್ತು ಪೈಸೆ ಜಾಸ್ತಿ ಕೇಳುವುದಕ್ಕಿಂತ ಇದನ್ನು ಕೇಳುವುದು ಮೇಲು ಅಂತ ನನಗನ್ನಿಸುತ್ತದೆ.

ಎರಡನೆಯದಾಗಿ, ಪ್ರತಿ ಸೋಮವಾರ ಶೆಡ್ಯೂಲ್ ಇಳಿಸಿ ತಾರೀಕು ಹಾಕಿ ಉಳಿಸಿಕೊಳ್ಳಿ. ಪೋರ್ಟಲ್‌ನಲ್ಲಿ ಸಾಮಾನ್ಯವಾಗಿ ಇವತ್ತಿನದು ಮಾತ್ರ ಎದ್ದು ಕಾಣುತ್ತದೆ, ಹಿಂದಿನದರ ಮೇಲೆ ಹೊಸದು ಕೂರುತ್ತದೆ. ಹಳೆಯದು ನಿಮ್ಮ ಹತ್ತಿರ ಇದ್ದರೆ ಒಂದು ಬಹಳ ಬೆಲೆಬಾಳುವ ಲೆಕ್ಕ ಸಿಗುತ್ತದೆ.

ಒಂದು ಪಿನ್ ತೆಗೆದುಕೊಳ್ಳೋಣ. ಇಎನ್8 ಉಕ್ಕು, 30 ಮಿಮೀ ಡಯಾ, 60 ಮಿಮೀ ಉದ್ದ. ಒಂದು ತಿಂಗಳು ಮೊದಲು ಹೇಳಿದ ಅಂದಾಜು ಮೂರು ತಿಂಗಳಲ್ಲಿ 4,000, 4,200, 3,800. ನಿಜಕ್ಕೂ ತೆಗೆದುಕೊಂಡದ್ದು 3,100, 3,500, 3,000. ಒಟ್ಟು 12,000 ಹೇಳಿ 9,600 ತೆಗೆದುಕೊಂಡರು, ಅಂದರೆ ಶೇ 80. ಈಗ ಮುಂದಿನ ತಿಂಗಳಿಗೆ 4,500 ಅಂತ ಕಾಣುತ್ತಿದೆ. ಅನುಭವದ ಪ್ರಕಾರ 3,600ರ ಆಸುಪಾಸು ಬರಬಹುದು.

ಇದನ್ನು ಬಾರ್‌ಗೆ ಇಳಿಸಿ. ಕಟಿಂಗ್ ಸೇರಿ ಒಂದು ಪೀಸಿಗೆ 63 ಮಿಮೀ. 3 ಮೀಟರ್ ಬಾರಿನಲ್ಲಿ ಹಿಡಿತದ ತುಂಡು ಬಿಟ್ಟು 46 ಪೀಸ್. ರೌಂಡ್ ಬಾರಿನ ತೂಕ ಎಲ್ಲರಿಗೂ ಗೊತ್ತು: ಡಯಾವನ್ನು ಡಯಾದಿಂದ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕಿಲೊ. ಇಲ್ಲಿ 5.55, ಅಂದರೆ ಬಾರಿಗೆ ಸುಮಾರು 16.7 ಕಿಲೊ. 4,500ಕ್ಕೆ 98 ಬಾರ್ ಬೇಕು, 3,600ಕ್ಕೆ 79 ಸಾಕು. ವ್ಯತ್ಯಾಸ 19 ಬಾರ್, ಸುಮಾರು 317 ಕಿಲೊ. ಕಿಲೊಗೆ 80 ರೂಪಾಯಿ ಹಿಡಿದರೂ 25 ಸಾವಿರ ರೂಪಾಯಿಯ ಉಕ್ಕು ರ‍್ಯಾಕಿನಲ್ಲಿ ಸುಮ್ನೆ ಕೂರುವುದು ತಪ್ಪಿತು. ಇಂಥ ಹತ್ತು ಐಟಂ ಇದ್ದರೆ ಎರಡೂವರೆ ಲಕ್ಷ. ಸಿಸಿ ಮಿತಿ ಮುಟ್ಟಿ ನಿಂತಿರುವ ಶಾಪಿಗೆ ಇದು ಒಂದು ತಿಂಗಳ ಸಂಬಳದ ಮಾತು.

ಇದರಲ್ಲಿ ಒಂದು ಎಚ್ಚರ ಬೇಕು. ಶೇ 80 ಎನ್ನುವುದು ಸರಾಸರಿ. ಒಂದು ತಿಂಗಳು ಅವರು ಪೂರ್ತಿ 4,500 ಕೇಳಿಯೂ ಬಿಡಬಹುದು. ಉಕ್ಕು ಎರಡು ದಿನದಲ್ಲಿ ಸಿಗುವ ಗ್ರೇಡ್ ಆಗಿದ್ದರೆ ಈ ಲೆಕ್ಕದಲ್ಲಿ ಧೈರ್ಯವಾಗಿ ಹೋಗಿ. ಫೋರ್ಜಿಂಗ್, ಕಾಸ್ಟಿಂಗ್ ಬರಲು ಆರು ವಾರ ಬೇಕಾದರೆ ಅಷ್ಟು ಕಡಿಮೆ ಇಟ್ಟುಕೊಳ್ಳಬೇಡಿ. ಲೈನ್ ನಿಲ್ಲಿಸಿದ ಸಪ್ಲೈಯರ್ ಎನ್ನುವ ಹೆಸರು ಬಂದರೆ 25 ಸಾವಿರದಲ್ಲಿ ಅದು ತೀರುವುದಿಲ್ಲ.

ಕೆಲವು ದೊಡ್ಡ ಕಸ್ಟಮರ್‌ಗಳು ಶೆಡ್ಯೂಲ್ ಜೊತೆಗೆ ತಮ್ಮ ಸ್ಟಾಕ್ ಎಷ್ಟಿದೆ ಅಂತಲೂ ತೋರಿಸುತ್ತಾರೆ. ಅಮೆರಿಕದ ವಾಲ್‌ಮಾರ್ಟ್ 1990ರ ದಶಕದ ಆರಂಭದಲ್ಲೇ ತನ್ನ ರೀಟೇಲ್ ಲಿಂಕ್ ವ್ಯವಸ್ಥೆಯಲ್ಲಿ ಅಂಗಡಿಯ ಮಾರಾಟದ ಅಂಕಿಗಳನ್ನು ಸಪ್ಲೈಯರ್‌ಗಳಿಗೆ ತೆರೆದಿಟ್ಟಿತ್ತು. ನಿಮ್ಮ ಪೋರ್ಟಲ್‌ನಲ್ಲಿ ಸ್ಟಾಕ್ ಕಾಣದಿದ್ದರೆ ಕೇಳಿ ನೋಡಿ. ಅವರ ಹತ್ತಿರ ಹತ್ತು ದಿನದ ಮಾಲು ಇದೆ ಅಂತ ಗೊತ್ತಾದರೆ, ಇವತ್ತಿನ ‘ಅರ್ಜೆಂಟ್’ ಫೋನಿಗೆ ಮಷಿನ್‌ನಲ್ಲಿ ನಡೆಯುತ್ತಿರುವ ಸೆಟಪ್ ಕಳಚುವ ಅಗತ್ಯ ಇದೆಯೋ ಇಲ್ಲವೋ ನೀವೇ ತೀರ್ಮಾನಿಸಬಹುದು.

ಡಿಸ್ಪ್ಯಾಚ್: ಎಎಸ್‌ಎನ್ ಮತ್ತು ಲೇಬಲ್

ಮಾಲು ಹೊರಡುವ ಮೊದಲು ಪೋರ್ಟಲ್‌ನಲ್ಲಿ ಕೊಡುವ ಮುಂಗಡ ಸೂಚನೆಯೇ ಎಎಸ್‌ಎನ್. ಪಿಒ ಲೈನ್, ಸಂಖ್ಯೆ, ಬಾಕ್ಸ್ ಎಷ್ಟು, ಇನ್‌ವಾಯ್ಸ್ ನಂಬರ್, ಗಾಡಿ ನಂಬರ್ ಇಷ್ಟೂ ಇನ್‌ವಾಯ್ಸ್ ಜೊತೆ ಅಕ್ಷರಶಃ ಹೊಂದಬೇಕು. ಹೊಂದಿದರೆ ಸ್ಟೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ತಕ್ಷಣ ವಿವರ ಬರುತ್ತದೆ, ಯಾರೂ ಕೈಯಲ್ಲಿ ಟೈಪ್ ಮಾಡಬೇಕಾಗಿಲ್ಲ, ಟೈಪ್ ಮಾಡುವಾಗ ತಪ್ಪೂ ಆಗುವುದಿಲ್ಲ. ಟೆಂಪೊ ಗೇಟಿನಲ್ಲಿ ಅರ್ಧ ದಿನ ನಿಲ್ಲುವುದೂ ತಪ್ಪುತ್ತದೆ. ಬಾಕ್ಸ್ ತುಂಬಿ, ಎಣಿಸಿ, ಸೀಲ್ ಮಾಡಿದ ಮೇಲೆಯೇ ಎಎಸ್‌ಎನ್ ಮಾಡಿ. ‘ಸಂಜೆಗೆ 500 ಆಗುತ್ತದೆ’ ಎನ್ನುವ ನಂಬಿಕೆಯ ಮೇಲೆ ಮಧ್ಯಾಹ್ನವೇ ಮಾಡಬೇಡಿ.

50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ದಾಖಲೆ) ಬೇಕು ಎನ್ನುವುದು ಎಲ್ಲರಿಗೂ ಗೊತ್ತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ತಂದ ಮೊದಲ ರಾಜ್ಯ ನಮ್ಮದೇ. ಆದರೆ ಬೊಮ್ಮಸಂದ್ರದವರು ಹೊಸೂರಿಗೆ ಜಾಬ್ ವರ್ಕ್‌ಗೆ (ನಮ್ಮ ಮಾಲಿನ ಮೇಲೆ ಹೊರಗಿನವರಿಂದ ಮಾಡಿಸುವ ಕೆಲಸಕ್ಕೆ) ಮಾಲು ಕಳಿಸುವಾಗ ಒಂದು ನಿಯಮ ಮರೆಯುತ್ತಾರೆ. ದೂರ ಸ್ವಲ್ಪವೇ ಇರಬಹುದು, ಅತ್ತಿಬೆಲೆ ದಾಟಿದರೆ ಅದು ಬೇರೆ ರಾಜ್ಯ. ಜಾಬ್ ವರ್ಕ್ ಮಾಲು ರಾಜ್ಯ ದಾಟಿದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್ ಬೇಕು.

ಹೀಟ್ ನಂಬರ್ ಕೊನೆಯವರೆಗೂ ಬರಲಿ

ಉಕ್ಕು ಬಂದಾಗ ಟೆಸ್ಟ್ ಸರ್ಟಿಫಿಕೇಟ್ ಮೇಲೆ ಹೀಟ್ ನಂಬರ್ (ಉಕ್ಕು ಯಾವ ಸಲ ಕರಗಿಸಿದ್ದು ಎನ್ನುವ ಗುರುತು) ಇರುತ್ತದೆ. ಆ ನಂಬರ್ ರೂಟ್ ಕಾರ್ಡಿಗೆ (ಪ್ರತಿ ಹಂತದಲ್ಲೂ ಮಾಲಿನ ಜೊತೆ ಹೋಗುವ ಚೀಟಿಗೆ) ಬರಬೇಕು, ಹೀಟ್ ಟ್ರೀಟ್‌ಮೆಂಟ್‌ಗೆ ಹೋಗುವ ಡಿಸಿ (ಡೆಲಿವರಿ ಚಲನ್) ಮೇಲೆ ಬರಬೇಕು, ಕೊನೆಗೆ ಬಾಕ್ಸಿನ ಲೇಬಲ್ ಮೇಲೂ ಬರಬೇಕು. ಬೆಳಗಾವಿಯ ಫೌಂಡ್ರಿಗಳು ಕಾಸ್ಟಿಂಗ್ ಮೇಲೆಯೇ ಹೀಟ್ ಕೋಡ್ ಮೂಡಿಸುವುದು ಇದಕ್ಕಾಗಿಯೇ.

ಕಸ್ಟಮರ್ ಲೈನಿನಲ್ಲಿ ಒಂದು ಪಿನ್ ಬಿರುಕು ಬಿಟ್ಟಿತು ಅಂತಿಟ್ಟುಕೊಳ್ಳಿ. ಯಾವ ಹೀಟ್ ಅಂತ ನೀವು ಹೇಳಲಾಗದಿದ್ದರೆ, ಅವರ ಸ್ಟೋರ್ಸ್‌ನಲ್ಲಿರುವ ನಿಮ್ಮ ಅಷ್ಟೂ ಮಾಲು ಹಳದಿ ಟೇಪ್ ಸುತ್ತಿಕೊಂಡು ನಿಲ್ಲುತ್ತದೆ. ನಿಮ್ಮದೇ ನಾಲ್ಕು ಜನ ಹೋಗಿ ಒಂದೊಂದೇ ಪೀಸ್ ಬೇರ್ಪಡಿಸಬೇಕು, ಇಲ್ಲವೇ ಅವರು ಬೇರೆಯವರಿಂದ ಮಾಡಿಸಿ ಡೆಬಿಟ್ ಹಾಕುತ್ತಾರೆ. ಹೀಟ್ ನಂಬರ್ ಲೇಬಲ್ ಮೇಲಿದ್ದರೆ ‘ಈ ಎರಡು ಬಾಕ್ಸ್ ಮಾತ್ರ’ ಅಂತ ಹತ್ತು ನಿಮಿಷದಲ್ಲಿ ಹೇಳಬಹುದು. ಮಾಹಿತಿ ತಂತ್ರಜ್ಞಾನದಿಂದ ಸಪ್ಲೈಯರ್‌ಗೆ ಸಿಗುವ ಲಾಭಗಳಲ್ಲಿ ಇದು ದಿನಾ ಕಣ್ಣಿಗೆ ಬೀಳುವುದಿಲ್ಲ, ಬೇಕಾದ ದಿನ ಮಾತ್ರ ಕಂಪನಿಯನ್ನೇ ಉಳಿಸುತ್ತದೆ.

ಹೊರಗೆ ಹೋದ ಮಾಲಿಗೂ ಇದೇ ಶೀಟಿನಲ್ಲಿ ಜಾಗ ಮಾಡಿ. ಪ್ಲೇಟಿಂಗ್‌ಗೆ 1,000 ಹೋಗಿ 985 ಬಂದರೆ ಉಳಿದ 15 ಎಲ್ಲಿ? ಜಿಎಸ್‌ಟಿ ಪ್ರಕಾರ ಜಾಬ್ ವರ್ಕ್‌ಗೆ ಹೋದ ಸಾಮಗ್ರಿ ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ನೇರ ಸರಬರಾಜಾಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ.

ರೇಟಿಂಗ್ ಶೀಟ್ ಪ್ರತಿ ತಿಂಗಳು ತೆರೆಯಿರಿ

ಪೋರ್ಟಲ್‌ನಲ್ಲಿ ಗುಣಮಟ್ಟಕ್ಕೆ, ಡೆಲಿವರಿಗೆ ಅಂಕ ಕೊಡುತ್ತಾರೆ. ಹೊಸ ಪಾರ್ಟ್ ಕೊಡುವಾಗ ನೋಡುವುದು ಇದನ್ನೇ. ಅಂಕ ಸಿಸ್ಟಂ ತಾನಾಗಿ ಹಾಕುತ್ತದೆ, ಹಾಗಾಗಿ ತಪ್ಪು ಇರಬಹುದು. ಅವರೇ ತಾರೀಕು ಮುಂದೂಡಿದ್ದು ಸಿಸ್ಟಂಗೆ ಏರದೆ, ನಿಮಗೆ ‘ತಡ’ ಅಂತ ಬಿದ್ದಿರುತ್ತದೆ. ನೀವು ಸೋಮವಾರ ಸೋಮವಾರ ಉಳಿಸಿದ ಶೆಡ್ಯೂಲ್, ಎಎಸ್‌ಎನ್‌ನ ಸಮಯ, ಗೇಟ್ ಎಂಟ್ರಿ ಇಲ್ಲಿ ಕೆಲಸಕ್ಕೆ ಬರುತ್ತವೆ. ತಿಂಗಳು ಮುಗಿದ ವಾರದಲ್ಲೇ ಬರೆದು ತಿದ್ದಿಸಿ.

ಸಾಫ್ಟ್‌ವೇರ್ ಯಾವಾಗ ಕೊಳ್ಳಬೇಕು?

ಇಷ್ಟು ಹೊತ್ತು ಹೇಳಿದ್ದಕ್ಕೆ ಎಕ್ಸೆಲ್ ಮತ್ತು ಟ್ಯಾಲಿ ಸಾಕು. ಮೂರು ತಿಂಗಳು ಹಾಗೇ ನಡೆಸಿ. ಆಗ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ, ಮಾರಲು ಬಂದವರು ತೋರಿಸಿದ್ದನ್ನೆಲ್ಲ ಕೊಳ್ಳುವುದಿಲ್ಲ. ರೂಟ್ ಕಾರ್ಡ್, ಸ್ಟಾಕ್, ಜಾಬ್ ವರ್ಕ್ ಒಂದೇ ಕಡೆ ಬೇಕು ಅನ್ನಿಸಿದಾಗ ಇಆರ್‌ಪಿ (ಇವೆಲ್ಲವನ್ನೂ ಜೋಡಿಸುವ ಸಾಫ್ಟ್‌ವೇರ್) ನೋಡಿ. ಇಆರ್‌ಪಿನೆಕ್ಸ್ಟ್ ಥರದ ಓಪನ್ ಸೋರ್ಸ್ ತಂತ್ರಾಂಶಕ್ಕೆ ಲೈಸೆನ್ಸ್ ದುಡ್ಡಿಲ್ಲ, ಆದರೆ ಹೊಂದಿಸಿ ಕೊಡುವವರಿಗೆ, ಸರ್ವರ್ ಕಂಪ್ಯೂಟರಿಗೆ ಖರ್ಚಿದೆ. ಕಸ್ಟಮರ್ ಸಿಸ್ಟಂ ಜೊತೆ ನೇರ ಜೋಡಣೆ ದಿನಕ್ಕೆ ಇಪ್ಪತ್ತು ಮೂವತ್ತು ಇನ್‌ವಾಯ್ಸ್ ಹೋಗುವವರಿಗೆ ಸರಿ. ದಿನಕ್ಕೆ ನಾಲ್ಕು ಬಿಲ್ ಮಾಡುವವರಿಗೆ ಅದು ಬೇಡದ ಖರ್ಚು.

ಸಾಫ್ಟ್‌ವೇರ್‌ಗಿಂತ ಮುಖ್ಯ, ಒಬ್ಬರಿಗೆ ಈ ಕೆಲಸ ಹೆಸರು ಹೇಳಿ ಒಪ್ಪಿಸುವುದು. ದಿನಕ್ಕೆ ಒಂದು ಗಂಟೆ ಸಾಕು. ಅವರು ಇಲ್ಲದ ದಿನ ಮಾಡಲು ಇನ್ನೊಬ್ಬರಿಗೂ ಗೊತ್ತಿರಲಿ.

‘ಸ್ಟಾಕ್ ನೀವೇ ನೋಡಿಕೊಳ್ಳಿ’ ಅಂದಾಗ

ಮಾಹಿತಿ ಸರಿಯಾಗಿ ನಡೆಯಲು ಶುರುವಾದ ಮೇಲೆ ಕಸ್ಟಮರ್ ಒಂದು ದಿನ ವಿಎಂಐ ಪ್ರಸ್ತಾಪ ತರಬಹುದು. ಅವರ ಸ್ಟೋರ್ಸ್‌ನಲ್ಲಿ ಎಷ್ಟು ಮಾಲು ಇರಬೇಕು ಅಂತ ನೀವೇ ನೋಡಿ ತುಂಬಿಸುವ ಪದ್ಧತಿ. ಒಳ್ಳೆಯದೇ. ನಿಮ್ಮ ಮಷಿನ್‌ಗೆ ಅನುಕೂಲವಾದ ಲಾಟ್‌ನಲ್ಲಿ ಓಡಿಸಬಹುದು, ಸೆಟಪ್ ಕಡಿಮೆಯಾಗುತ್ತದೆ. ಆದರೆ ಮಾಲಿನ ಒಡೆತನ ಯಾವಾಗ ಬದಲಾಗುತ್ತದೆ ಅಂತ ಕೇಳಿ. ಬಳಸಿದ ದಿನ ಮಾತ್ರ ಬಿಲ್ ಅಂದರೆ, ಅವರ ರ‍್ಯಾಕಿನಲ್ಲಿ ಇರುವುದು ನಿಮ್ಮ ದುಡ್ಡು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಇಷ್ಟು ದಿನದಲ್ಲಿ ಬಳಸದಿದ್ದರೂ ಬಿಲ್ ಮಾಡಬಹುದು ಎನ್ನುವ ಮೂರು ಅಂಶ ಬರವಣಿಗೆಯಲ್ಲಿ ಇಲ್ಲದೆ ಒಪ್ಪಬೇಡಿ.

ಪಾಸ್‌ವರ್ಡ್, ಬ್ಯಾಕಪ್

2022ರ ಫೆಬ್ರುವರಿ ಕೊನೆಯಲ್ಲಿ ಜಪಾನಿನ ಕೊಜಿಮಾ ಇಂಡಸ್ಟ್ರೀಸ್ ಎನ್ನುವ ಬಿಡಿಭಾಗ ತಯಾರಕರ ಸರ್ವರ್ ಮೇಲೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ದಾಳಿ ಆಯಿತು. ಅವರ ಜೊತೆಗಿನ ಮಾಹಿತಿ ಸಂಪರ್ಕ ಕಡಿದಿದ್ದಕ್ಕೆ ಟೊಯೋಟಾ ಮಾರ್ಚ್ 1ರಂದು ಜಪಾನಿನ ತನ್ನ 14 ಕಾರ್ಖಾನೆಗಳ 28 ಲೈನ್ ನಿಲ್ಲಿಸಬೇಕಾಯಿತು. ಸುಮಾರು 13,000 ವಾಹನಗಳ ಉತ್ಪಾದನೆ ತಡವಾಯಿತು. ಒಬ್ಬ ಸಪ್ಲೈಯರ್‌ನ ಕಂಪ್ಯೂಟರಿನಿಂದ.

ಅದಕ್ಕೆ ಕಸ್ಟಮರ್‌ಗಳು ಈಗ ಆಡಿಟ್‌ನಲ್ಲಿ ನಮ್ಮ ಕಂಪ್ಯೂಟರ್ ಬಗ್ಗೆಯೂ ಕೇಳುತ್ತಾರೆ. ಪೋರ್ಟಲ್ ಪಾಸ್‌ವರ್ಡ್ ಗೋಡೆಯ ಮೇಲೆ ಅಂಟಿಸಬೇಡಿ, ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ತೆಗೆಸಿ. ಒಟಿಪಿ ಹೋಗುವ ಮೊಬೈಲ್ ನಂಬರ್ ಕಂಪನಿಯದಾಗಿರಲಿ, ನೌಕರರ ಸ್ವಂತದ್ದು ಬೇಡ. ಟ್ಯಾಲಿ ಡೇಟಾ ಮತ್ತು ಡ್ರಾಯಿಂಗ್‌ಗಳ ಪ್ರತಿಯನ್ನು ವಾರಕ್ಕೊಮ್ಮೆ ಹಾರ್ಡ್‌ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಹತ್ತುತ್ತದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ನಿಮ್ಮ ಉಕ್ಕಿನ ಅಂಗಡಿಯಿಂದ ಮೇಲ್ ಬಂದರೆ, ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ನಿಮ್ಮ ಹೆಸರಿನಲ್ಲಿ ಅಂಥ ಮೇಲ್ ಬಂದರೆ ನಿಮಗೇ ಫೋನ್ ಮಾಡಿ ಕೇಳಬೇಕು ಅಂತ ಕಸ್ಟಮರ್‌ನ ಅಕೌಂಟ್ಸ್ ವಿಭಾಗಕ್ಕೂ ಈಗಲೇ ಹೇಳಿಟ್ಟಿರಿ.